ಸಂಖ್ಯಾಶ್ರೇಢಿಗಳ ಪಾಠವೂ ಗಣಕಯಂತ್ರವೂ

ಶಾಲೆಯ ಸ್ಮರಣಸಂಚಿಕೆಯೆಂದರೆ ಕಟ್ಟಡಗಳ ಚರಿತ್ರೆ, ಪರೀಕ್ಷೆಗಳ ಫಲಿತಾಂಶ, ಆಟೋಟಗಳಲ್ಲಿ ಗೆದ್ದ ಬಹುಮಾನ ಇವುಗಳ ವೃತ್ತಾಂತಕ್ಕೆ ಮೀಸಲಾದ ಹೊತ್ತಗೆಯೆಂಬ ಭಾವನೆ ರೂಢಿಯಲ್ಲಿದೆ. ಆ ವೃತ್ತಾಂತಗಳೆಲ್ಲವೂ ಅವಶ್ಯವಾದುವೇ ಸರಿ. ಆದರೆ ಶಾಲೆಯೆಂಬುದು ಮುಖ್ಯವಾಗಿ ಪಾಠ ನಡೆಯುವ ಸ್ಥಳವಾದುದರಿಂದ, ಒಂದು ಪಾಠವನ್ನು ಕುರಿತು, ಅದೂ ಗಣಿತದ ಒಂದು ಚಿಕ್ಕ ಪಾಠವನ್ನು ಕುರಿತು, ನಮ್ಮ ಅಭಿಪ್ರಾಯವನ್ನು ಪೂರ್ವವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇರಿಸಲು ಅಪ್ಪಣೆ ಬೇಡುತ್ತೇವೆ. ಸಂಖ್ಯಾಶ್ರೇಢಿಗಳನ್ನು ಹುಡುಗಿಯರಿಗೆ ಕಲಿಸುವಾಗ ಗಣಕಯಂತ್ರದ ಲೆಕ್ಕದ ಹಾಳೆಯನ್ನೂ ನಕ್ಷೆ ಬರೆಯುವ ಸಾಧನಗಳನ್ನೂ ಉಪಯೋಗಿಸಬೇಕೆ, ಉಪಯೋಗಿಸುವುದಾದರೆ ಹೇಗೆ ಎಂಬುದೇ ಪ್ರಕೃತ ವಿಷಯ.

ಈ ವಿಷಯದಲ್ಲಿ ಪೋಷಕರಿಂದ ನಾವು ಎರಡು ಬಗೆಯ ಆಕ್ಷೇಪಗಳನ್ನು ಕೇಳುತ್ತಿದ್ದೇವೆ. ಪರೀಕ್ಷೆಯನ್ನು ಬರೆಯುವುದು ಕಾಗದದ ಮೇಲೆ. ಹಾಗಿರುವಾಗ ಗಣಿತದ ಗಂಟೆಯನ್ನು ಗಣಕಯಂತ್ರದ ಕೊಠಡಿಯಲ್ಲಿ ಕಳೆಯುವುದೇತಕ್ಕೆ ಎಂದು ಕೆಲವರು ಕೇಳುತ್ತಾರೆ. ಯಂತ್ರವೇ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಲೆಕ್ಕವನ್ನೂ ಮಾಡಿಕೊಡುವಾಗ ಹುಡುಗಿಯರು ಕೂಡಿ ಕಳೆದು ಬಳಲುವುದೇತಕ್ಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಮೊದಲಿನವರು ಯಂತ್ರವನ್ನು ಹೊರಗಿಡಬೇಕೆನ್ನುವವರು; ಎರಡನೆಯವರು ಬುದ್ಧಿಯ ಶ್ರಮವನ್ನು ಹೊರಗಿಡಬೇಕೆನ್ನುವವರು. ಇಬ್ಬರ ಮಾತಿನಲ್ಲಿಯೂ ಮಕ್ಕಳ ಹಿತಚಿಂತನೆಯುಂಟೆಂಬುದನ್ನು ನಾವು ಬಲ್ಲೆವು. ಆದರೂ ಇಬ್ಬರೂ ಪಾಠದ ಮುಖ್ಯಾಂಶವನ್ನು ಗಮನಿಸಿಲ್ಲವೆಂದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳುವುದು ಯುಕ್ತ. ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯ ಪಾಠವನ್ನು ಬಹಳ ವರ್ಷಗಳ ಕಾಲ ನಾವು ಸೂತ್ರದಿಂದಲೇ ಆರಂಭಿಸುತ್ತಿದ್ದೆವು. ಪದಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು, ಉಳಿದುದನ್ನು ಸಾಮಾನ್ಯ ವ್ಯತ್ಯಾಸದಿಂದ ಗುಣಿಸಿ, ಬಂದುದಕ್ಕೆ ಮೊದಲನೆಯ ಪದವನ್ನು ಕೂಡಿಸತಕ್ಕದ್ದೆಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಹುಡುಗಿಯರು ಬಾಯಿಪಾಠ ಮಾಡುತ್ತಿದ್ದರು. ಈ ಸಂಚಿಕೆಯನ್ನೋದುವ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಆ ಸೂತ್ರ ಇಂದಿಗೂ ನೆನಪಿರಬಹುದು. ಅದರ ಅರ್ಥ ನೆನಪಿದೆಯೋ ಇಲ್ಲವೋ ಹೇಳಲಾರೆವು. ಒಮ್ಮೆ ಒಬ್ಬ ಹುಡುಗಿ ಎದ್ದುನಿಂತು, ಒಂದನ್ನು ಕಳೆಯುವುದೇತಕ್ಕೆ ಎಂದು ಕೇಳಿದಳು. ಸೂತ್ರವೇ ಹಾಗಿದೆ, ಕುಳಿತುಕೋ ಎಂದೆವು. ಅವಳು ಕುಳಿತಳು, ಆಮೇಲೆ ಆ ವರ್ಷ ಅವಳು ಇನ್ನೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಕಠಿನವಾದುದೇನಲ್ಲ. ಹತ್ತು ಕಂಬಗಳು ಒಂದೇ ಸಾಲಿನಲ್ಲಿ ನಿಂತರೆ ಅವುಗಳ ನಡುವೆ ಒಂಬತ್ತೇ ಅಂಕಣಗಳಿರುವುದಷ್ಟೆ. ಹಾಗೆಯೇ ಮೊದಲನೆಯ ಪದದಿಂದ ಹತ್ತನೆಯ ಪದಕ್ಕೆ ಹೋಗಲು ಒಂಬತ್ತೇ ಹೆಜ್ಜೆಗಳು ಬೇಕು. ಇಷ್ಟನ್ನು ಹೇಳಲು ಗಣಕಯಂತ್ರವೂ ಬೇಡ, ವಿಶೇಷ ಪಾಂಡಿತ್ಯವೂ ಬೇಡ. ಆದರೆ ಪಾಠವನ್ನು ಮುಗಿಸುವ ಆತುರದಲ್ಲಿ ನಮಗೆ ಇಷ್ಟನ್ನು ಹೇಳಲೂ ಬಿಡುವಾಗಲಿಲ್ಲ. ಗಂಟೆಯ ಬಹುಭಾಗವು ಕೂಡುವುದರಲ್ಲಿಯೂ ಗುಣಿಸುವುದರಲ್ಲಿಯೂ, ತಪ್ಪಿದ ಗುಣಾಕಾರವನ್ನು ತಿದ್ದುವುದರಲ್ಲಿಯೂ ಕಳೆದುಹೋಗುತ್ತಿತ್ತು. ಏತಕ್ಕೆ ಎಂಬ ಪ್ರಶ್ನೆಗೆ ಸ್ಥಳವೇ ಉಳಿಯುತ್ತಿರಲಿಲ್ಲ.

ಶ್ರೇಢಿಯೆಂಬುದು ನಮ್ಮ ದೇಶಕ್ಕೆ ಹೊಸ ವಿಷಯವಲ್ಲ. ಕ್ರಿ. ಶ. ೪೯೯ರಲ್ಲಿ ಆರ್ಯಭಟನು ವರ್ಗಗಳ ಮೊತ್ತಕ್ಕೂ ಘನಗಳ ಮೊತ್ತಕ್ಕೂ ನಿಯಮಗಳನ್ನು ಕೊಟ್ಟನು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಶ್ರೇಢಿಗಳ ಲೆಕ್ಕಗಳನ್ನು ವಿಸ್ತಾರವಾಗಿ ವಿವರಿಸಿದನು. ೧೧೫೦ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಶ್ರೇಢೀವ್ಯವಹಾರವೆಂಬ ಪ್ರಕರಣವನ್ನೇ ರಚಿಸಿದನು. ನಮ್ಮ ಕನ್ನಡದಲ್ಲಿಯೂ ೧೨ನೆಯ ಶತಮಾನದಷ್ಟು ಹಿಂದೆಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದನು. ಇಷ್ಟು ಹಳೆಯ ವಿದ್ಯೆಗೆ ಹೊಸ ಸಾಧನವೊಂದು ದೊರೆತಿದೆ. ಅದರ ಸ್ವರೂಪವನ್ನು ಈಗ ಅರಿಯೋಣ.

ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆ ಹುಟ್ಟಿದ್ದು ಶಾಲೆಗಾಗಿ ಅಲ್ಲ, ವ್ಯಾಪಾರದ ಲೆಕ್ಕಪತ್ರಗಳಿಗಾಗಿ. ಅಮೆರಿಕೆಯ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್ಸ್ಟನ್ ಎಂಬಿಬ್ಬರು ೧೯೭೯ರಲ್ಲಿ ವಿಸಿಕ್ಯಾಲ್ಕ್ ಎಂಬ ತಂತ್ರಾಂಶವನ್ನು ಹೊರತಂದರು. ಒಂದು ಅಂಕವನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಅಂಕಗಳೆಲ್ಲವೂ ತಾವಾಗಿಯೇ ತಿದ್ದಿಕೊಳ್ಳುವುದು ಅದರ ವಿಶೇಷ. ೧೯೮೫ರಲ್ಲಿ ಎಕ್ಸೆಲ್ ಬಂದಿತು. ಇಂದು ಹಣ ಕೊಡದೆ ಪಡೆಯಬಹುದಾದ ಲಿಬ್ರೆಆಫೀಸ್ ಕ್ಯಾಲ್ಕ್ ಮುಂತಾದುವೂ ಇವೆ. ಆಸ್ಟ್ರಿಯಾದೇಶದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು ಈ ಶತಮಾನದ ಆರಂಭದಲ್ಲಿ ನಿರ್ಮಿಸಿದ ಜಿಯೋಜಿಬ್ರಾ ಎಂಬುದು ಶಾಲೆಗಳಿಗಾಗಿಯೇ ಮಾಡಿದ ನಕ್ಷೆಯ ಸಾಧನ. ಚೌಕಾಬಾರದ ಮಣೆಯಂತೆ ಈ ಹಾಳೆಯೂ ಮನೆಮನೆಗಳಾಗಿ ವಿಂಗಡವಾಗಿರುತ್ತದೆ. ಒಂದು ಮನೆಯಲ್ಲಿ ೭ ಎಂದು ಬರೆದು, ಅದರ ಕೆಳಗಿನ ಮನೆಯಲ್ಲಿ ಮೇಲಿನದಕ್ಕೆ ೪ ಕೂಡಿಸು ಎಂಬ ನಿಯಮವನ್ನು ಬರೆದು, ಆ ನಿಯಮವನ್ನು ಕೆಳಕ್ಕೆ ಎಳೆದರೆ ೧೧, ೧೫, ೧೯ ಎಂದು ಶ್ರೇಢಿಯು ಬೇಕಾದಷ್ಟು ದೂರ ಬೆಳೆಯುತ್ತದೆ. ಹತ್ತನೆಯ ಪದದವರೆಗೆ ಬರಲು ನಿಯಮವು ಒಂಬತ್ತು ಮನೆಗಳಲ್ಲಿ ಮಾತ್ರ ಕುಳಿತಿರುವುದನ್ನು ಹುಡುಗಿಯು ತನ್ನ ಕಣ್ಣಿನಿಂದಲೇ ಎಣಿಸಬಹುದು. ಒಂದನ್ನು ಕಳೆಯುವುದೇತಕ್ಕೆ ಎಂಬುದು ಅವಳಿಗೆ ತಾನಾಗಿಯೇ ತಿಳಿಯುತ್ತದೆ.

ಅದೇ ಅಂಕಗಳಿಗೆ ನಕ್ಷೆ ಬರೆಯಿಸಿದರೆ ಚುಕ್ಕಿಗಳು ನೇರವಾದ ಗೆರೆಯ ಮೇಲೆ ನಿಲ್ಲುತ್ತವೆ. ಮೊದಲನೆಯ ಪದವನ್ನು ಬದಲಿಸಿದರೆ ಚುಕ್ಕಿಗಳ ಸಾಲು ಓರೆಯನ್ನು ಬಿಡದೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ವ್ಯತ್ಯಾಸವನ್ನು ಬದಲಿಸಿದರೆ ಓರೆಯೇ ಬದಲಾಗುತ್ತದೆ. ಕೂಡುವುದಕ್ಕೆ ಬದಲಾಗಿ ಪ್ರತಿಸಲವೂ ೨ರಿಂದ ಗುಣಿಸು ಎಂದರೆ ನೇರವಾದ ಸಾಲು ಹೋಗಿ, ಮೊದಲು ನೆಲಕ್ಕಂಟಿಕೊಂಡು ಆಮೇಲೆ ಗೋಡೆಯಂತೆ ಏರುವ ವಕ್ರರೇಖೆ ಕಾಣುತ್ತದೆ. ದಿನಕ್ಕೆ ನೂರು ರೂಪಾಯಿಯಂತೆ ಮೂವತ್ತು ದಿನ ಕೂಡಿಟ್ಟವಳಿಗೆ ಸಿಕ್ಕುವುದು ೩,೦೦೦ ರೂಪಾಯಿ. ಮೊದಲ ದಿನ ಒಂದು ಪೈಸೆ, ಎರಡನೆಯ ದಿನ ಎರಡು ಪೈಸೆ, ಮೂರನೆಯ ದಿನ ನಾಲ್ಕು, ಹೀಗೆ ಇಮ್ಮಡಿಯಾಗುತ್ತ ಹೋದರೆ ಮೂವತ್ತು ದಿನಗಳ ಮೊತ್ತ ೧,೦೭,೩೭,೪೧೮ ರೂಪಾಯಿ ೨೩ ಪೈಸೆ. ಈ ಲೆಕ್ಕವನ್ನು ಬಾಯಿಮಾತಿನಲ್ಲಿ ಕೇಳಿದವಳು ಆಶ್ಚರ್ಯಪಟ್ಟು ಮರೆಯುತ್ತಾಳೆ. ತಾನೇ ಹಾಳೆಯ ಮೇಲೆ ಬೆಳೆಯಿಸಿ, ಎಷ್ಟನೆಯ ದಿನ ಪೈಸೆಯವಳು ರೂಪಾಯಿಯವಳನ್ನು ದಾಟುತ್ತಾಳೆಂದು ಹುಡುಕಿದವಳು ಮರೆಯುವುದಿಲ್ಲ.

ಇದು ಕೇವಲ ವಿನೋದವೆಂದು ಯಾರೂ ತಿಳಿಯಬಾರದು. ತಿಂಗಳಿಗೆ ನೂರಕ್ಕೆ ಮೂರರಂತೆ ೧೦,೦೦೦ ರೂಪಾಯಿ ಸಾಲ ಮಾಡಿದ ಮನೆಯನ್ನು ಕಲ್ಪಿಸಿಕೊಳ್ಳಿ. ನಡುವೆ ಏನನ್ನೂ ತೀರಿಸದಿದ್ದರೆ, ಸರಳಬಡ್ಡಿಯ ಲೆಕ್ಕದಲ್ಲಿ ಎರಡು ವರ್ಷಗಳ ಕೊನೆಗೆ ಕೊಡಬೇಕಾದುದು ೧೭,೨೦೦. ಬಡ್ಡಿಯು ತಿಂಗಳು ತಿಂಗಳಿಗೂ ಅಸಲಿಗೆ ಸೇರುತ್ತ ಹೋದರೆ ಅದು ಸುಮಾರು ೨೦,೩೨೮, ಎಂದರೆ ಅಸಲಿನ ಎರಡರಷ್ಟನ್ನೂ ಮೀರಿದ್ದು. ಒಂದು ಸಮಾಂತರ ಶ್ರೇಢಿ, ಇನ್ನೊಂದು ಗುಣೋತ್ತರ ಶ್ರೇಢಿ, ಭೇದ ಇಷ್ಟೇ. ನೂರಕ್ಕೆ ಮೂರು ಎಂಬ ಮಾತು ಎರಡು ಕಡೆಯೂ ಒಂದೇ. ನಮ್ಮ ಹುಡುಗಿಯರು ನಾಳೆ ಸಾಲದ ಕಾಗದಗಳಿಗೂ ಚೀಟಿಯ ಕರಾರುಗಳಿಗೂ ರುಜು ಹಾಕತಕ್ಕವರು. ಸಂಸಾರದ ಭಾರವು ತಲೆಯ ಮೇಲೆ ಬಂದಾಗ ಹತ್ತಿರ ಕುಳಿತು ಲೆಕ್ಕ ಬಿಡಿಸಿ ಹೇಳುವವರು ಇರುವರೆಂಬ ಭರವಸೆಯಿಲ್ಲ. ಈ ಎರಡು ಸಾಲುಗಳ ಭೇದವನ್ನು ಹದಿನೈದನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡವಳು ರುಜು ಹಾಕುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳಿಯಾಳು.

ಇಷ್ಟು ಹೇಳಿದ ಮೇಲೆ ಯಂತ್ರವನ್ನು ಹೊಗಳುವುದೇ ನಮ್ಮ ಉದ್ದೇಶವೆಂದು ಓದುಗರು ಭಾವಿಸಬಹುದು. ಹಾಗಲ್ಲ. ಯಂತ್ರದ ಮುಂದೆ ಕುಳಿತ ಹುಡುಗಿಗೆ ಒದಗುವ ಅಪಾಯಗಳನ್ನೂ ನಾವು ಕಂಡಿದ್ದೇವೆ. ಅವುಗಳಲ್ಲಿ ಮುಖ್ಯವಾದುದೇನೆಂದರೆ, ಶ್ರೇಢಿಯ ಮುಂದಿನ ಪದವು ಹಿಂದಿನ ಪದಗಳ ಸಾಲಿನಿಂದಲೇ ಹುಟ್ಟುತ್ತದೆಂಬ ಭ್ರಾಂತಿ.

೧, ೨, ೪, ೮ ಎಂಬ ನಾಲ್ಕು ಅಂಕಗಳನ್ನೇ ತೆಗೆದುಕೊಳ್ಳಿ. ಮುಂದಿನದು ಯಾವುದೆಂದರೆ ತರಗತಿಯೆಲ್ಲವೂ ಒಂದೇ ಕೊರಳಿನಿಂದ ಹದಿನಾರು ಎನ್ನುತ್ತದೆ. ಎಕ್ಸೆಲ್ ಹಾಳೆಯಲ್ಲಿ ಈ ನಾಲ್ಕನ್ನು ಬರೆದು, ಯಾವ ನಿಯಮವನ್ನೂ ಹೇಳದೆ ಬರಿದೆ ಕೆಳಕ್ಕೆ ಎಳೆದರೆ ಅದು ಹದಿನಾರು ಎನ್ನುವುದಿಲ್ಲ, ೯.೫ ಎನ್ನುತ್ತದೆ, ಅದರ ಮುಂದೆ ೧೧.೮ ಎನ್ನುತ್ತದೆ. ಏತಕ್ಕೆಂದರೆ ಅದು ಈ ನಾಲ್ಕು ಚುಕ್ಕಿಗಳ ಆದಷ್ಟು ಸಮೀಪದಲ್ಲಿ ಹಾಯುವ ಒಂದು ನೇರಗೆರೆಯನ್ನು ಊಹಿಸಿಕೊಂಡು ಅದರ ಮೇಲೆ ನಡೆಯುತ್ತದೆ. ಯಂತ್ರವು ತಪ್ಪಿತೆಂದು ಹುಡುಗಿಯರು ನಗುತ್ತಾರೆ. ಆಗ ನಾವು ಅವರಿಗೆ ಕಾಗದವನ್ನೂ ಕೈವಾರವನ್ನೂ ಕೊಟ್ಟು, ಒಂದು ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು, ಪ್ರತಿಯೊಂದು ಬಿಂದುವನ್ನೂ ಉಳಿದ ಎಲ್ಲ ಬಿಂದುಗಳಿಗೂ ಗೆರೆಯಿಂದ ಸೇರಿಸಿ, ಯಾವ ಮೂರು ಗೆರೆಗಳೂ ಒಳಗೆ ಒಂದೇ ಸ್ಥಾನದಲ್ಲಿ ಕೂಡದಂತೆ ನೋಡಿಕೊಂಡು, ವೃತ್ತವು ಎಷ್ಟು ತುಂಡುಗಳಾಯಿತೆಂದು ಎಣಿಸಹೇಳುತ್ತೇವೆ. ಒಂದು ಬಿಂದುವಿಗೆ ೧ ತುಂಡು, ಎರಡಕ್ಕೆ ೨, ಮೂರಕ್ಕೆ ೪, ನಾಲ್ಕಕ್ಕೆ ೮, ಐದಕ್ಕೆ ೧೬. ಆರು ಬಿಂದುಗಳಿಗೆ ಎಣಿಸುವ ಮುನ್ನವೇ ೩೨ ಎಂದು ಬರೆದಿಟ್ಟವರು ಬಹಳ ಜನ. ಎಣಿಸಿದರೆ ೩೧! ಮತ್ತೆ ಎಣಿಸಿದರೂ ೩೧! ಈಗ ನಗು ನಿಲ್ಲುತ್ತದೆ. ಯಂತ್ರವು ತನ್ನ ನೇರಗೆರೆಯನ್ನು ನಂಬಿದಂತೆಯೇ ಹುಡುಗಿಯರು ತಮ್ಮ ಇಮ್ಮಡಿಯನ್ನು ನಂಬಿದ್ದರು, ಎರಡಕ್ಕೂ ಆಧಾರವಿರಲಿಲ್ಲ.

ಈ ಸ್ಥಿತಿಯಲ್ಲಿಯೇ ಲೆಕ್ಕದ ಹಾಳೆಯು ನಿಜವಾದ ಸಹಾಯಕ್ಕೆ ಒದಗುತ್ತದೆ. ೧, ೨, ೪, ೮, ೧೬, ೩೧, ೫೭, ೯೯ ಎಂಬ ಸಾಲಿನ ಪಕ್ಕದಲ್ಲಿ ಒಂದೊಂದು ಪದವನ್ನೂ ಅದರ ಮುಂದಿನದರಿಂದ ಕಳೆದರೆ ೧, ೨, ೪, ೮, ೧೫, ೨೬, ೪೨ ಎಂಬ ಸಾಲು ಬರುತ್ತದೆ. ಅದನ್ನೂ ಹಾಗೆಯೇ ಕಳೆದರೆ ೧, ೨, ೪, ೭, ೧೧, ೧೬. ಇನ್ನೊಮ್ಮೆ ಕಳೆದರೆ ೧, ೨, ೩, ೪, ೫. ಮತ್ತೊಮ್ಮೆ ಕಳೆದರೆ ಎಲ್ಲೆಲ್ಲಿಯೂ ಬರಿಯ ಒಂದು. ಕೈಯಿಂದ ಮಾಡಿದರೆ ಅರ್ಧ ಗಂಟೆಯನ್ನು ನುಂಗುವ ಈ ಕೆಲಸವನ್ನು ಹಾಳೆಯು ಒಂದು ನಿಮಿಷದಲ್ಲಿ ಮುಗಿಸುತ್ತದೆ. ಅಡಗಿದ್ದ ಕ್ರಮವು ಹೊರಬೀಳುತ್ತದೆ. ಆದರೆ ಆ ಕ್ರಮವು ನಿಜವಾಗಿಯೂ ಮುಂದೆ ಎಂದೆಂದಿಗೂ ನಡೆಯುವುದೋ ಇಲ್ಲವೋ ಎಂಬುದನ್ನು ಹಾಳೆಯು ಹೇಳಲಾರದು. ಅದಕ್ಕೆ ಪುನಃ ವೃತ್ತದ ಬಳಿಗೇ ಹೋಗಿ, ಹೊಸ ಗೆರೆಯೊಂದನ್ನು ಎಳೆದಾಗ ಎಷ್ಟು ಹೊಸ ತುಂಡುಗಳು ಹುಟ್ಟುತ್ತವೆ, ಏತಕ್ಕೆ ಹುಟ್ಟುತ್ತವೆ ಎಂದು ಯೋಚಿಸಬೇಕು. ಆ ಯೋಚನೆಯನ್ನು ಮಾಡತಕ್ಕವಳು ಹುಡುಗಿಯೇ.

ಕಾರಣವನ್ನು ತಿಳಿಯುವುದೆಂದರೇನೆಂಬುದಕ್ಕೆ ಕನ್ನಡದ ತರಗತಿಯಿಂದಲೇ ಒಂದು ಉದಾಹರಣೆಯನ್ನು ಕೊಡುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆಯೆಂದು ಛಂದಸ್ಸಿನ ಪಾಠದಲ್ಲಿ ಎಲ್ಲರೂ ಕಲಿತದ್ದೇ. ಒಂದು ಮಾತ್ರೆಯ ಗಣವನ್ನು ಒಂದೇ ವಿಧವಾಗಿ ರಚಿಸಬಹುದು. ಎರಡು ಮಾತ್ರೆಯದನ್ನು ಎರಡು ಲಘುಗಳಿಂದ, ಇಲ್ಲವೆ ಒಂದು ಗುರುವಿನಿಂದ, ಹೀಗೆ ಎರಡು ವಿಧವಾಗಿ ರಚಿಸಬಹುದು. ಮೂರು ಮಾತ್ರೆಯ ಗಣಕ್ಕೆ ಮೂರು ವಿಧಗಳು. ನಾಲ್ಕು ಮಾತ್ರೆಯ ಗಣಕ್ಕೆ ಐದು. ೧, ೨, ೩, ೫ ಎಂದಾಯಿತು. ಐದು ಮಾತ್ರೆಯ ಗಣಕ್ಕೆ ಎಷ್ಟೆಂದು ಕೇಳಿದರೆ ಏಳು ಎನ್ನುವವರೂ ಉಂಟು, ಎಂಟು ಎನ್ನುವವರೂ ಉಂಟು. ಬರೆದು ಎಣಿಸಿದರೆ ಎಂಟು. ಏತಕ್ಕೆ? ಐದು ಮಾತ್ರೆಯ ಗಣವು ಲಘುವಿನಿಂದ ಮುಗಿಯಬೇಕು, ಇಲ್ಲವೆ ಗುರುವಿನಿಂದ ಮುಗಿಯಬೇಕು; ಮೂರನೆಯ ದಾರಿಯಿಲ್ಲ. ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆಗಳಿರುವುವು. ಅವುಗಳ ವಿಧ ಐದು. ಗುರುವಿನಿಂದ ಮುಗಿದರೆ ಹಿಂದೆ ಮೂರು ಮಾತ್ರೆಗಳು. ಅವುಗಳ ವಿಧ ಮೂರು. ಐದೂ ಮೂರೂ ಎಂಟು. ಈ ವಾದವು ಆರು ಮಾತ್ರೆಗೂ ಅರುವತ್ತು ಮಾತ್ರೆಗೂ ಒಂದೇ ಆದುದರಿಂದ, ಪ್ರತಿ ಪದವೂ ತನ್ನ ಹಿಂದಿನ ಎರಡು ಪದಗಳ ಮೊತ್ತವೆಂಬುದು ಸಿದ್ಧವಾಯಿತು. ಇದು ಊಹೆಯಲ್ಲ. ಪಾಶ್ಚಾತ್ಯರು ಇಟಲಿಯ ಫಿಬೊನಾಚಿಯ ೧೨೦೨ರ ಗ್ರಂಥದ ನಿಮಿತ್ತ ಈ ಶ್ರೇಢಿಗೆ ಅವನ ಹೆಸರನ್ನಿಟ್ಟಿದ್ದಾರೆ. ಆದರೆ ಅದಕ್ಕಿಂತ ಮುಂಚೆಯೇ ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕನೂ ೧೨ನೆಯ ಶತಮಾನದ ಹೇಮಚಂದ್ರನೂ ಮಾತ್ರೆಗಳನ್ನೆಣಿಸುತ್ತ ಈ ನಿಯಮವನ್ನು ಕಂಡಿದ್ದರು.

ನಿಯಮವು ಹೀಗೆ ಸಿದ್ಧವಾದ ಮೇಲೆ ಅದನ್ನು ಹಾಳೆಗೆ ಒಪ್ಪಿಸಿದರೆ ಹೊಸ ಪ್ರಶ್ನೆಗಳು ಏಳುತ್ತವೆ. ಪ್ರತಿ ಪದವನ್ನೂ ಅದರ ಹಿಂದಿನ ಪದದಿಂದ ಭಾಗಿಸಿದರೆ ೨, ೧.೫, ೧.೬೬೭, ೧.೬, ೧.೬೨೫ ಎಂದು ಬರುತ್ತದೆ. ನಕ್ಷೆಯಲ್ಲಿ ಚುಕ್ಕಿಗಳು ಒಮ್ಮೆ ಮೇಲೆ ಒಮ್ಮೆ ಕೆಳಗೆ ತೂಗಿ, ತೊಟ್ಟಿಲು ಮೆಲ್ಲಮೆಲ್ಲನೆ ನಿಲ್ಲುವಂತೆ, ೧.೬೧೮ರ ಸಮೀಪದಲ್ಲಿ ನೆಲೆಗೊಳ್ಳುತ್ತವೆ. ಅಂಕಗಳ ಪಟ್ಟಿಯಲ್ಲಿ ಕಾಣದ ಈ ತೂಗಾಟವನ್ನು ನಕ್ಷೆಯು ಒಂದೇ ನೋಟಕ್ಕೆ ತೋರಿಸುತ್ತದೆ. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ನಕ್ಷೆಯ ಸಾಧನಗಳು ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ ಅಂದಗೊಳಿಸಲು ಸಿದ್ಧವಾಗಿಯೇ ಇರುತ್ತವೆ. ಮೂರು ಮಾತ್ರೆಯ ಗಣವುಂಟು, ನಾಲ್ಕು ಮಾತ್ರೆಯ ಗಣವುಂಟು; ಮೂರೂವರೆ ಮಾತ್ರೆಯ ಗಣವೆಲ್ಲಿಯದು? ಚುಕ್ಕಿಗಳ ನಡುವಣ ಗೆರೆಗೆ ಈ ಪಾಠದಲ್ಲಿ ಅರ್ಥವಿಲ್ಲವೆಂಬುದನ್ನು ಹುಡುಗಿಯು ತಾನೇ ಹೇಳಿ, ಆ ಗೆರೆಯನ್ನು ತೆಗೆದುಹಾಕಬೇಕು.

ಇನ್ನೊಂದು ಅಪಾಯವು ಸೂಕ್ಷ್ಮವಾದುದು. ಎಕ್ಸೆಲ್ ಹಾಳೆಯು ಒಂದು ಸಂಖ್ಯೆಯಲ್ಲಿ ಹದಿನೈದು ಅಂಕಗಳನ್ನು ಮಾತ್ರ ಸರಿಯಾಗಿ ತೋರಿಸಬಲ್ಲದು. ಅದಕ್ಕಿಂತ ದೊಡ್ಡ ಸಂಖ್ಯೆಯಾದರೆ ಉಳಿದ ಸ್ಥಾನಗಳಲ್ಲಿ ಸೊನ್ನೆಯನ್ನು ತುಂಬುತ್ತದೆ. ಮೇಲೆ ಹೇಳಿದ ಮಾತ್ರೆಗಳ ಶ್ರೇಢಿಯಲ್ಲಿ ೭೧ನೆಯ ಪದ ೪೯೮೪೫೪೦೧೧೮೭೯೨೬೪. ೭೨ನೆಯ ಪದ ೮೦೬೫೧೫೫೩೩೦೪೯೩೯೩. ಇವೆರಡರ ಮೊತ್ತವಾದ ೭೩ನೆಯ ಪದವನ್ನು ಪೂರ್ಣವಾಗಿ ತೋರಿಸೆಂದರೆ ಹಾಳೆಯು ೧೩೦೪೯೬೯೫೪೪೯೨೮೬೬೦ ಎನ್ನುತ್ತದೆ. ನಾಲ್ಕೂ ಮೂರೂ ಏಳೆಂಬುದನ್ನು ಒಂದನೆಯ ತರಗತಿಯ ಮಗುವೂ ಬಲ್ಲದು. ಕೊನೆಯ ಅಂಕ ಸೊನ್ನೆಯಾಗುವುದು ಹೇಗೆ? ನಿಜವಾದ ಮೊತ್ತ ೧೩೦೪೯೬೯೫೪೪೯೨೮೬೫೭. ಈ ತಪ್ಪನ್ನು ಹಿಡಿದ ಹುಡುಗಿಯ ಮುಖದ ಮೇಲೆ ಮೂಡಿದ ಸಂತೋಷವನ್ನು ಯಾವ ಬಹುಮಾನವೂ ತರಲಾರದೆಂದು ನಮಗೆ ತೋರಿತು. ಕೈಲೆಕ್ಕವನ್ನು ಬಿಟ್ಟುಬಿಡಬಹುದೆನ್ನುವ ಪೋಷಕರಿಗೆ ನಮ್ಮ ಉತ್ತರವೂ ಇದೇ. ಕೈಲೆಕ್ಕವನ್ನು ಮರೆತವಳು ಯಂತ್ರದ ತಪ್ಪನ್ನು ತಪ್ಪೆಂದು ಅರಿಯುವುದು ಯಾವುದರಿಂದ?

ಆದುದರಿಂದ ಪಾಠದ ಅನುಕ್ರಮವು ಹೀಗಿರತಕ್ಕದ್ದೆಂದು ನಮ್ಮ ಮತ. ಮೊದಲ ಐದಾರು ಪದಗಳನ್ನು ಹುಡುಗಿಯು ಕೈಯಿಂದಲೇ, ಕಾಗದದ ಮೇಲೆಯೇ ಕಂಡುಹಿಡಿಯಲಿ. ಮುಂದಿನದು ಏನಾದೀತೆಂದು ಊಹಿಸಿ, ಆ ಊಹೆಯನ್ನು ಯಂತ್ರವನ್ನು ಮುಟ್ಟುವ ಮುನ್ನವೇ ಪುಸ್ತಕದಲ್ಲಿ ಬರೆದಿಡಲಿ. ಆಮೇಲೆ ಹಾಳೆಯಲ್ಲಿ ನಿಯಮವನ್ನು ತಾನೇ ಬರೆದು, ಶ್ರೇಢಿಯನ್ನು ಬೆಳೆಯಿಸಿ, ನಕ್ಷೆಯನ್ನು ನೋಡಲಿ. ಕೊನೆಗೆ ಯಂತ್ರವನ್ನು ಮುಚ್ಚಿ, ಹಾಗೇಕಾಯಿತೆಂಬುದನ್ನು ತನ್ನ ಮಾತಿನಲ್ಲಿ, ತಿಳಿಗನ್ನಡದಲ್ಲಿ, ನಾಲ್ಕು ವಾಕ್ಯಗಳಾಗಿ ಬರೆಯಲಿ. ಈ ನಾಲ್ಕನೆಯ ಹಂತವು ತಪ್ಪಿದರೆ ಹಿಂದಿನ ಮೂರೂ ಬಣ್ಣದ ಚಿತ್ರಗಳ ನೋಟವಾಗಿ ಮುಗಿಯುತ್ತವೆ. ಒಂದು ಯಂತ್ರಕ್ಕೆ ಇಬ್ಬರು ಹುಡುಗಿಯರು ಕುಳಿತುಕೊಳ್ಳುವುದೂ ಒಳ್ಳೆಯದೆಂದೇ ಕಂಡಿದ್ದೇವೆ. ಒಬ್ಬಳ ಊಹೆಯನ್ನು ಇನ್ನೊಬ್ಬಳು ಪ್ರಶ್ನಿಸುತ್ತಾಳೆ.

ಇದರ ಖರ್ಚನ್ನು ನಾವು ಮರೆಮಾಚುವುದಿಲ್ಲ. ಹೀಗೆ ಕಲಿಸಿದರೆ ಪಾಠಕ್ಕೆ ಎರಡು ಮೂರು ಪೀರಿಯಡ್ಡುಗಳು ಹೆಚ್ಚಾಗಿ ಹಿಡಿಯುತ್ತವೆ. ವಿದ್ಯುತ್ತು ಹೋದ ದಿನ ಏನೂ ನಡೆಯುವುದಿಲ್ಲ. ಕೆಲವು ಹುಡುಗಿಯರು ನಕ್ಷೆಯ ಬಣ್ಣವನ್ನು ಬದಲಿಸುವುದರಲ್ಲಿಯೇ ಗಂಟೆಯನ್ನು ಕಳೆದುಬಿಡುತ್ತಾರೆ. ಆದರೂ ಪರೀಕ್ಷೆಯ ವಿಷಯದಲ್ಲಿ ಪೋಷಕರು ಅಂಜಬೇಕಾದುದಿಲ್ಲ. ಸೂತ್ರದ ಕಾರಣವನ್ನು ಬಲ್ಲವಳು ಪರೀಕ್ಷೆಯ ಗಾಬರಿಯಲ್ಲಿ ಸೂತ್ರವನ್ನು ಮರೆತರೂ ಅದನ್ನು ಪುನಃ ಕಟ್ಟಿಕೊಳ್ಳಬಲ್ಲಳು; ಬರಿಯ ಬಾಯಿಪಾಠದವಳು ಮರೆತರೆ ಮರೆತಂತೆಯೇ.

ಪೋಷಕರಿಗೆ ಇನ್ನೊಂದು ಮಾತನ್ನು ನಿಷ್ಠುರವಾದರೂ ಹೇಳಲೇಬೇಕಾಗಿದೆ. ಮನೆಯಲ್ಲಿ ಒಂದೇ ಗಣಕಯಂತ್ರವಿದ್ದರೆ ಅದು ಮಗನ ಮೇಜಿನ ಮೇಲೆ ಇರುವುದನ್ನೂ, ಮಗಳಿಗೆ ಅದು ಸಿಕ್ಕುವುದು ಅವನ ಕೆಲಸವೂ ಆಟವೂ ಮುಗಿದ ಮೇಲೆಯೇ ಎಂಬುದನ್ನೂ ಹುಡುಗಿಯರ ಬಾಯಿಂದಲೇ ಕೇಳಿದ್ದೇವೆ. ಹೆಣ್ಣುಮಕ್ಕಳಿಗೆ ಯಂತ್ರವೆಂದರೆ ಟೈಪು ಮಾಡುವಷ್ಟು ತಿಳಿದರೆ ಸಾಕೆಂಬ ಭಾವನೆಯೂ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಚರಿತ್ರೆಯು ಬೇರೆಯೇ ಮಾತನ್ನು ಹೇಳುತ್ತದೆ. ಯಂತ್ರದಿಂದ ಒಂದು ಸಂಖ್ಯಾಶ್ರೇಢಿಯನ್ನು ಲೆಕ್ಕಮಾಡಿಸುವ ಕ್ರಮವನ್ನು ೧೮೪೩ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದವಳು ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬ ಮಹಿಳೆ. ಚಾರ್ಲ್ಸ್ ಬ್ಯಾಬೇಜನ ಯಂತ್ರವು ಕಾಗದದ ಮೇಲಷ್ಟೇ ಇದ್ದ ಕಾಲವದು. ಅವಳು ಆರಿಸಿಕೊಂಡುದು ಬರ್ನೂಲಿ ಸಂಖ್ಯೆಗಳ ಶ್ರೇಢಿಯನ್ನು. ಯಂತ್ರವು ತಾನಾಗಿ ಏನನ್ನೂ ಕಲ್ಪಿಸಲಾರದೆಂಬ ಎಚ್ಚರಿಕೆಯನ್ನೂ ಅವಳು ಆಗಲೇ ಕೊಟ್ಟಿದ್ದಳು. ೧೯೬೨ರಲ್ಲಿ ಅಮೆರಿಕೆಯ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿಬರಲು ಹೊರಟಾಗ, ಗಣಕಯಂತ್ರವು ಕೊಟ್ಟ ಅಂಕಗಳನ್ನು ಕ್ಯಾಥರೀನ್ ಜಾನ್ಸನ್ ಎಂಬ ಮಹಿಳೆಯು ಕೈಯಿಂದ ಲೆಕ್ಕಮಾಡಿ ಸರಿಯೆಂದರೆ ಮಾತ್ರ ತಾನು ಸಿದ್ಧನೆಂದು ತಿಳಿಸಿದನು. ಅವಳು ಲೆಕ್ಕಮಾಡಿ ಒಪ್ಪಿದ ಮೇಲೆಯೇ ಅವನು ಹೊರಟನು. ನಮ್ಮ ಹುಡುಗಿಯರೆಲ್ಲರೂ ಅಂಥವರಾಗುವರೆಂದು ನಾವು ಹೇಳುವುದಿಲ್ಲ. ಯಂತ್ರವು ಹೇಳಿದ್ದನ್ನು ಪರೀಕ್ಷಿಸಿ ಒಪ್ಪುವ ಅಭ್ಯಾಸವಂತೂ ಪ್ರತಿಯೊಬ್ಬಳಿಗೂ ಬೇಕು. ಬ್ಯಾಂಕಿನ ಕಾಗದವಾಗಲಿ, ಆಸ್ಪತ್ರೆಯ ಬಿಲ್ಲಾಗಲಿ, ವರ್ತಮಾನಪತ್ರಿಕೆಯ ನಕ್ಷೆಯಾಗಲಿ, ಇಂದು ಎಲ್ಲವೂ ಯಂತ್ರದ ಬಾಯಿಂದಲೇ ಬರುತ್ತಿವೆಯಲ್ಲವೇ?

ಪೂರ್ವವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವೊಂದಿದೆ. ನಿಮ್ಮಲ್ಲಿ ಅನೇಕರು ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ದಿನವೆಲ್ಲ ಈ ಲೆಕ್ಕದ ಹಾಳೆಗಳ ಮುಂದೆಯೇ ಕುಳಿತಿರುವವರು. ವರ್ಷಕ್ಕೆ ಒಂದು ಮಧ್ಯಾಹ್ನ ಶಾಲೆಗೆ ಬಂದು, ನಿಮ್ಮ ಕೆಲಸದಲ್ಲಿ ಹಾಳೆಯು ನಿಮಗೆ ಯಾವಾಗ ನೆರವಾಯಿತು, ಯಾವಾಗ ತಪ್ಪುದಾರಿ ಹಿಡಿಸಿತು ಎಂಬುದನ್ನು ಈ ಹುಡುಗಿಯರಿಗೆ ಹೇಳಿರಿ. ಧನಸಹಾಯಕ್ಕಿಂತಲೂ ಇದನ್ನು ನಾವು ಹೆಚ್ಚಿನ ಸಹಾಯವೆಂದೆಣಿಸುತ್ತೇವೆ. ನಮ್ಮ ಉತ್ತರವನ್ನು ಕೇಳಿ ಅಂದು ಮೌನವಾಗಿ ಕುಳಿತ ಆ ಹುಡುಗಿಯೂ ಈ ಸಂಚಿಕೆಯನ್ನೋದುತ್ತಿದ್ದರೆ ಅವಳೂ ಬರಲಿ. ಅವಳ ಪ್ರಶ್ನೆಯಿಂದಲೇ ನಾವು ಈಗ ಆ ಪಾಠವನ್ನು ಆರಂಭಿಸುತ್ತಿದ್ದೇವೆ.

ಪೋಷಕರು ಮಾಡಬೇಕಾದುದು ಇನ್ನೂ ಸುಲಭ. ನಿಮ್ಮ ಮಗಳು ಸಂಜೆ ಅಂಕಗಳ ಸಾಲೊಂದನ್ನೋ ಚುಕ್ಕಿಗಳ ನಕ್ಷೆಯೊಂದನ್ನೋ ತಂದು ತೋರಿಸಿದಾಗ, ಇದಕ್ಕೆ ಎಷ್ಟು ಅಂಕ ಬಂದಿತೆಂದು ಕೇಳುವುದಕ್ಕೆ ಮುಂಚೆ, ಇದರ ಮುಂದಿನದು ಯಾವುದಮ್ಮಾ, ಅದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿರಿ. ಗಣಿತವು ನಿಮಗೆ ಬಾರದಿದ್ದರೂ ಚಿಂತೆಯಿಲ್ಲ. ಅವಳು ಹೇಳುವುದನ್ನು ಕೊನೆಯವರೆಗೆ ಕೇಳಿದರೆ ಸಾಕೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇವೆ.